ಬೆಲ್ಟ್ ಹೊಸದು ಸರಿ, ಅದನ್ನು ಬಿಗಿದಿದ್ದು ಯಾವುದಕ್ಕೆ?

ಇವರಿಗೆ,
ಗ್ಯಾರೇಜ್ ಮಾಲೀಕರು,
ಭೋಸರಿ, ಪುಣೆ

ವಿಷಯ: ನಮ್ಮ ಹಳೆಯ ಟ್ರಯಂಫ್ ಹೆರಾಲ್ಡ್ ಕನ್ವರ್ಟಿಬಲ್ ಕಾರಿಗೆ ನೀವು ಹಾಕಿದ ಸೀಟ್ ಬೆಲ್ಟ್‌ಗಳ ಬಗ್ಗೆ ದೂರು

ನಮಸ್ಕಾರ.

ಫೋನ್ ಮಾಡಿದರೆ ನೀವು "ಅಕ್ಕಾ, ಟೆನ್ಷನ್ ತಗೋಬೇಡ್ರಿ, ನಾಳೆ ಹುಡುಗನ್ನ ಕಳಸ್ತೀನಿ" ಅನ್ನುತ್ತೀರಿ. ಹುಡುಗ ಬರುವುದಿಲ್ಲ. ಅದಕ್ಕೇ ಈಗ ಬರೆದು ಕಳಿಸುತ್ತಿದ್ದೇನೆ. ನೀವು ನಿಪ್ಪಾಣಿ ಕಡೆಯವರು, ನಾವು ಧಾರವಾಡದವರು, ಮೊದಲಿನಿಂದ ಮಾತೆಲ್ಲ ಕನ್ನಡದಲ್ಲೇ ಆಗಿದೆ, ದೂರೂ ಕನ್ನಡದಲ್ಲೇ ಇರಲಿ. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಹಾಕಿದ್ದೇನೆ. ಓದುವಾಗ ಅವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಬಿಲ್ಲಿನಲ್ಲಿ "ಮುಂದಿನ ಎರಡು ಸೀಟಿಗೆ ಹೊಸ ತ್ರೀ ಪಾಯಿಂಟ್ ಬೆಲ್ಟ್, ಫಿಟ್ಟಿಂಗ್ ಸಹಿತ" ಎಂದು ಬರೆದು, ಅಂದರೆ ಸೊಂಟದ ಎರಡು ಕಡೆ, ಭುಜದ ಮೇಲೆ ಒಂದು ಕಡೆ ಹಿಡಿಯುವ ಬೆಲ್ಟಿಗೆ, 32,000 ರೂಪಾಯಿ ತೆಗೆದುಕೊಂಡಿದ್ದೀರಿ. ಮೇಲಿಂದ ನೋಡಿದರೆ ಚೆಂದವೇ ಇದೆ. ಕಪ್ಪು ಪಟ್ಟಿ, ಕೆಂಪು ಬಟನ್, ಬಕಲ್ ಕೂಡ ಟಕ್ ಅಂತ ಕೂರುತ್ತದೆ. ನನ್ನ ಜಗಳ ಪಟ್ಟಿಯ ಜೊತೆ ಅಲ್ಲ. ಆ ಪಟ್ಟಿಯನ್ನು ನೀವು ಕಾರಿನ ಯಾವ ಭಾಗಕ್ಕೆ, ಎಂಥ ಬೋಲ್ಟ್‌ನಿಂದ ಬಿಗಿದಿದ್ದೀರಿ ಅನ್ನೋದೇ ಜಗಳ. ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ, ಹಿಂದಿನ ಸೀಟು ಎತ್ತಿ ನೋಡಿದಾಗ ಕಂಡಿದ್ದು ಅದೇ.

ಕಾರು ಬಿಡುವಾಗಲೇ ನಾನು ಸ್ಪಷ್ಟವಾಗಿ ಹೇಳಿದ್ದೆ. ಇದು ಅಪ್ಪನ ಕಾರು, ಬಾಡಿ ಕೊಯ್ಯಬಾರದು. ತೆರೆದ ಕಾರು, ಬಾಗಿಲ ಹಿಂದೆ ಮೇಲಿನವರೆಗೆ ಹೋಗುವ ಕಂಬ ಇಲ್ಲ. ಹಾಗಾಗಿ ಭುಜದ ಪಟ್ಟಿಯ ಮೇಲಿನ ತುದಿ ಎಲ್ಲಿ ಕೂರುತ್ತದೆ ಅನ್ನೋದನ್ನ ನನಗೆ ತೋರಿಸಿ ಆಮೇಲೆ ಡ್ರಿಲ್ ಹಿಡಿಯಿರಿ. ಇಷ್ಟನ್ನೂ ಕೇಳಿದ್ದು ನಾನು. ನೀವು ಉತ್ತರ ಹೇಳಿದ್ದು ನಮ್ಮ ಯಜಮಾನರ ಮುಖ ನೋಡಿ. ಅವರಿಗೆ ಸ್ಟೆಪ್ನಿ ಬದಲಿಸೋದೂ ಬರಲ್ಲ. ಕಾರು ನನ್ನ ಹೆಸರಲ್ಲಿದೆ, ಓಡಿಸುವವಳು ನಾನು, ದುಡ್ಡು ಕೊಟ್ಟವಳೂ ನಾನು. "ಬೆಲ್ಟ್ ಅಂದ್ರ ಬೆಲ್ಟ್ ಸರ್, ಎಲ್ಲಾ ಗಾಡಿಗೂ ಒಂದೇ" ಅಂದಿರಿ.

ಒಂದೇ ಅಲ್ಲ. ವೋಲ್ವೊದ ನೀಲ್ಸ್ ಬೋಲಿನ್ ಈ ಮೂರು ಬಿಂದುವಿನ ಬೆಲ್ಟ್ ತಂದಿದ್ದು 1959ರಲ್ಲಿ. ಹೆರಾಲ್ಡ್ ಮಾರುಕಟ್ಟೆಗೆ ಬಂದಿದ್ದೂ ಅದೇ ವರ್ಷ. ವೋಲ್ವೊದವರು ಬೆಲ್ಟ್ ಕೂರಿಸಿದ್ದು ಗಟ್ಟಿ ಕಂಬ ಇದ್ದ, ಮೇಲ್ಛಾವಣಿ ಇದ್ದ ಕಾರಿಗೆ. ಅಮೆರಿಕದಲ್ಲಿ 1968ರ ಜನವರಿಯಿಂದ ಮುಂದಿನ ಸೀಟಿಗೆ ಭುಜದ ಬೆಲ್ಟ್ ಕಡ್ಡಾಯ ಮಾಡಿದಾಗಲೂ ಕನ್ವರ್ಟಿಬಲ್‌ಗಳನ್ನು ಬಿಟ್ಟಿದ್ದರು. ಅಲ್ಲಿನ ದೊಡ್ಡ ದೊಡ್ಡ ಕಂಪನಿಗಳಿಗೇ ಆ ಮೇಲಿನ ಬಿಂದು ತಲೆನೋವಾಗಿತ್ತು ಅಂದಮೇಲೆ ಭೋಸರಿಯಲ್ಲಿ ಅದು ಸುಲಭ ಆಗುತ್ತೆ ಅಂತ ನಾನೇನೂ ಅಂದುಕೊಂಡಿರಲಿಲ್ಲ. "ಕಷ್ಟ ಇದೆ, ಸೊಂಟದ ಬೆಲ್ಟ್ ಅಷ್ಟೇ ಹಾಕೋಣ" ಅಂತ ನೀವು ಹೇಳಿದ್ದರೂ ಒಪ್ಪುತ್ತಿದ್ದೆ. ನೀವು ಹಾಗೆ ಹೇಳಲಿಲ್ಲ. ಎಲ್ಲ ಆಗುತ್ತದೆ ಅಂದಿರಿ.

ಈಗ ಆಗಿರುವುದನ್ನು ಕೇಳಿ.

ಕಾತ್ರಜ್‌ನ ಹೊಸ ಸುರಂಗದಿಂದ ನವಲೆ ಸೇತುವೆ ಕಡೆಗೆ ಇಳಿಯುವ ರಸ್ತೆ ನಿಮಗೆ ಗೊತ್ತಿದೆ. ಅಲ್ಲಿ ಆಗುವ ಅಪಘಾತಗಳ ಸುದ್ದಿ ಪೇಪರ್‌ನಲ್ಲಿ ನೀವೂ ಓದುತ್ತೀರಿ. ಭುಜದ ಬೆಲ್ಟ್ ಬೇಕು ಅಂತ ನಾನು ಹಟ ಹಿಡಿದಿದ್ದೇ ಆ ಇಳಿಜಾರಿನ ಕಾರಣಕ್ಕೆ, ಪೊಲೀಸರ 1,000 ರೂಪಾಯಿ ದಂಡಕ್ಕೆ ಹೆದರಿ ಅಲ್ಲ. ಸಾತಾರಾದಿಂದ ವಾಪಸ್ ಬರುವಾಗ ಅದೇ ಇಳಿಜಾರಿನಲ್ಲಿ ನನ್ನ ಕಡೆಯ ಬೆಲ್ಟ್ ಬಿಗಿಯಾಗಿ ಲಾಕ್ ಆಗಿ ಕೂತಿತು. ಕನ್ನಡಿ ನೋಡಲು ಸ್ವಲ್ಪ ಮುಂದೆ ಬಾಗಲೂ ಆಗಲಿಲ್ಲ. ಪಕ್ಕದಲ್ಲಿ ಅಮ್ಮ ಇದ್ದರು. ಅವರ ಬೆಲ್ಟ್ ಮಾತ್ರ ಎಷ್ಟು ಜೋರಾಗಿ ಎಳೆದರೂ ಲಾಕ್ ಆಗದೆ ಸರಾಗ ಬಿಚ್ಚಿಕೊಂಡು ಬರುತ್ತಿತ್ತು. ಒಂದು ಬಿಡುವುದಿಲ್ಲ, ಇನ್ನೊಂದು ಹಿಡಿಯುವುದಿಲ್ಲ.

ಮನೆಗೆ ಬಂದು ಪಕ್ಕದ ಮನೆಯ ಕಾಕಾ ಅವರನ್ನು ಕರೆದೆ. ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಬ್ಬರೂ ಸೇರಿ ಹಿಂದಿನ ಸೀಟು, ಪಕ್ಕದ ರೆಕ್ಸಿನ್ ಎಲ್ಲ ತೆಗೆದೆವು. ಕಾಕಾ ಮೊದಲು ಕೇಳಿದ ಪ್ರಶ್ನೆ, "ಇದನ್ನ ಹಾಕಿದವನು ಈ ಸೀಟಿನ್ಯಾಗ ಕೂತು ನೋಡ್ಯಾನೇನು?"

ಎಡಗಡೆಯ ಭುಜದ ಪಟ್ಟಿಯ ತುದಿಯನ್ನು ನೀವು ಮಡಚುವ ಟಾಪ್‌ನ ಹಿಂಜ್ ಬೋಲ್ಟ್‌ಗೇ ಸಿಕ್ಕಿಸಿದ್ದೀರಿ. ಆ ಬೋಲ್ಟ್ ಇರುವುದು ಬಟ್ಟೆಯ ಟಾಪನ್ನೂ ಅದರ ತೆಳು ಕಬ್ಬಿಣದ ಚೌಕಟ್ಟನ್ನೂ ಹಿಡಿಯಲು. ಮನುಷ್ಯರನ್ನು ಹಿಡಿಯಲು ಅಲ್ಲ. ಸಾಲದ್ದಕ್ಕೆ, ಟಾಪ್ ಮಡಚಿದಾಗಲೆಲ್ಲ ಚೌಕಟ್ಟಿನ ಅಂಚು ಪಟ್ಟಿಯನ್ನು ಉಜ್ಜುತ್ತದೆ. ಈಗಾಗಲೇ ನೂಲು ಎದ್ದಿದೆ, ಫೋಟೊ ನೋಡಿ.

ಬಲಗಡೆಯದು ಹಿಂದಿನ ಚಕ್ರದ ಮೇಲಿನ ಒಳ ತಗಡಿಗೆ ಬಿಗಿದಿದೆ. ತಗಡು ಅಂದರೆ ತಗಡೇ. ಅದರ ಹಿಂದೆ ಪ್ಲೇಟ್ ಇಲ್ಲ. ಒಂದು ಸಣ್ಣ ವಾಷರ್ ಹಾಕಿ ನಟ್ ತಿರುಗಿಸಿ ಬಿಟ್ಟಿದ್ದಾರೆ. ಬೋಲ್ಟ್ 8 ಎಂಎಂ, ಹಾರ್ಡ್‌ವೇರ್ ಅಂಗಡಿಯದು, ತಲೆಯ ಮೇಲೆ ಗ್ರೇಡ್ ಗುರುತು ಕೂಡ ಇಲ್ಲ. ಸೀಟ್ ಬೆಲ್ಟ್‌ಗೆ ಹೆಚ್ಚಾಗಿ ಬಳಸುವುದು 7/16 ಇಂಚಿನ, ಇಂಚಿಗೆ 20 ಎಳೆ ಇರುವ ಗಟ್ಟಿ ಬೋಲ್ಟ್. ಬೆಲ್ಟ್ ಪ್ಯಾಕೆಟ್‌ನಲ್ಲೇ ಸಾಮಾನ್ಯವಾಗಿ ಅದು ಬರುತ್ತದೆ. ನಿಮ್ಮ ಪ್ಯಾಕೆಟ್‌ನ ಬೋಲ್ಟ್‌ಗಳು ಎಲ್ಲಿ ಹೋದವು? ಅಥವಾ ಪ್ಯಾಕೆಟ್ಟೇ ಇರಲಿಲ್ಲವಾ? ಪಟ್ಟಿಯ ಮೇಲೆ ತಯಾರಿಸಿದ ದಿನ, ಸ್ಟ್ಯಾಂಡರ್ಡ್ ನಂಬರ್ ಇರುವ ಲೇಬಲ್ ಇರಬೇಕು. ನಮ್ಮ ಎರಡೂ ಪಟ್ಟಿಯಲ್ಲಿ ಅದನ್ನು ಕತ್ತರಿಸಿದ ಗುರುತು ಮಾತ್ರ ಇದೆ. ಗುಜರಿಗೆ ಹೋದ ಕಾರಿನ ಬೆಲ್ಟನ್ನು ಬಿಲ್ಲಿನಲ್ಲಿ "ಹೊಸದು" ಅಂತ ಬರೆದಿದ್ದೀರಾ ಅನ್ನೋ ಅನುಮಾನ ನನಗಿದೆ. ಒಮ್ಮೆ ಅಪಘಾತದಲ್ಲಿ ಎಳೆತಕ್ಕೆ ಸಿಕ್ಕ ಬೆಲ್ಟನ್ನು ಮತ್ತೆ ಬಳಸಬಾರದು ಅನ್ನೋದು ನಿಮಗೆ ನಾನು ಹೇಳಿಕೊಡಬೇಕಾ?

ಇಷ್ಟೆಲ್ಲ ಯಾಕೆ ಕೆದಕುತ್ತೀರಿ ಅಂತ ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ 70 ಕಿಲೋ ಮನುಷ್ಯ ಅರ್ಧ ಮೀಟರ್‌ನಲ್ಲಿ ನಿಲ್ಲಬೇಕಾದರೆ, ಬೆಲ್ಟ್ ಅವನನ್ನು ಸರಾಸರಿ ಸುಮಾರು 1,400 ಕಿಲೋ ಭಾರದಷ್ಟು ಬಲದಿಂದ ಹಿಡಿದಿಡಬೇಕು. ಐವತ್ತು ಅಂದರೆ ಬೈಪಾಸ್‌ನಲ್ಲಿ ಅದು ವೇಗವೇ ಅಲ್ಲ. ಬೆಲ್ಟನ್ನು ಕಾರಿಗೆ ಬಿಗಿಯುವ ಜಾಗಕ್ಕೆ, ಅಂದರೆ ಆಂಕರ್‌ಗೆ, ಅಮೆರಿಕದಲ್ಲಿ ಮಾಡುವ ಪರೀಕ್ಷೆಯಲ್ಲಿ ತ್ರೀ ಪಾಯಿಂಟ್ ಬೆಲ್ಟಿನ ಭುಜದ ಭಾಗಕ್ಕೆ 3,000 ಪೌಂಡ್, ಸೊಂಟದ ಭಾಗಕ್ಕೆ ಇನ್ನೊಂದು 3,000 ಪೌಂಡ್ ಒಟ್ಟಿಗೆ ಹಾಕಿ ಎಳೆಯುತ್ತಾರೆ. ಒಂದೊಂದೂ ಸುಮಾರು 1,360 ಕಿಲೋ ಆಯ್ತು. ಕಾರ್ ರೇಸ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಹೊಸದಾಗಿ ಮಾಡುವ ಪ್ರತಿ ಆಂಕರ್‌ಗೂ ಕನಿಷ್ಠ 3 ಎಂಎಂ ದಪ್ಪದ, 40 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ಪ್ಲೇಟ್ ಇರಬೇಕು ಅಂತಿದೆ. ನಮ್ಮ ವಾಷರ್ ಅಷ್ಟು ಎಳೆತಕ್ಕೆ ತಗಡನ್ನು ಹರಿದುಕೊಂಡು ಈಚೆ ಬರುತ್ತದೆ. "ಬೆಲ್ಟ್ ಎಆರ್‌ಎಐ ಪಾಸ್ ಆಗಿದೆ", ಅಂದರೆ ವಾಹನ ಪರೀಕ್ಷಿಸುವ ಸಂಸ್ಥೆಯ ಪರೀಕ್ಷೆ ದಾಟಿದೆ, ಅಂತ ನಿಮ್ಮ ಮ್ಯಾನೇಜರ್ ಫೋನಿನಲ್ಲಿ ಹೇಳಿದರು. ಇರಬಹುದು. ಲೇಬಲ್ ಇಲ್ಲದೆ ಅದನ್ನೂ ಹೇಗೆ ನಂಬೋದು, ಅದು ಬೇರೆ ಮಾತು. ಆದರೆ ಬೆಲ್ಟ್ ಪಾಸ್ ಆದರೆ ನಿಮ್ಮ ತೂತು ಪಾಸ್ ಆದಂಗಲ್ಲ.

ಬೋಲ್ಟ್ ಗಟ್ಟಿ ಇದ್ದಿದ್ದರೂ ಜಾಗ ತಪ್ಪು. ಮೇಲಿನ ಬಿಂದು ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಮೇಲೆ ಇರಬೇಕು. ಹಾರ್ನೆಸ್, ಅಂದರೆ ರೇಸ್ ಕಾರಿನ ಬೆಲ್ಟ್, ಮಾಡುವವರು ಸಾಮಾನ್ಯವಾಗಿ ಹೇಳುವುದೂ ಅದನ್ನೇ: ಭುಜದಿಂದ ಹಿಂದೆ ಹೋಗುವ ಪಟ್ಟಿ ಸಮಮಟ್ಟಕ್ಕಿಂತ 20 ಡಿಗ್ರಿಗಿಂತ ಜಾಸ್ತಿ ಕೆಳಗಿಳಿಯಬಾರದು. ನಮ್ಮದು ಸೀಟಿನ ಬೆನ್ನು ದಾಟಿದ ಕೂಡಲೇ ನೆಟ್ಟಗೆ ಕೆಳಗೆ ಇಳಿಯುತ್ತದೆ. ಡಿಕ್ಕಿ ಆದರೆ ಆ ಪಟ್ಟಿ ಎದೆಯನ್ನು ಹಿಂದಕ್ಕೆ ಹಿಡಿಯುವ ಬದಲು ಭುಜವನ್ನು ಕೆಳಕ್ಕೆ ಒತ್ತುತ್ತದೆ, ಭಾರವೆಲ್ಲ ಬೆನ್ನುಮೂಳೆಗೆ. ಅಮ್ಮನಿಗೆ ಎಪ್ಪತ್ತು ದಾಟಿದೆ, ಮೂಳೆ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಮೇಲಾಗಿ ಅವರು ಕುಳ್ಳಗೆ, ಪಟ್ಟಿ ಸೀದಾ ಕುತ್ತಿಗೆಗೇ ಬರುತ್ತದೆ. ಹಿಂದಿನ ಸೀಟಿಗೆ ಹತ್ತಲು ನಮ್ಮ ಮುಂದಿನ ಸೀಟು ಮುಂದಕ್ಕೆ ಮಗುಚುತ್ತದೆ, ಅದಕ್ಕೆ ಲಾಕ್ ಇಲ್ಲ. ಪಟ್ಟಿಯ ಎಳೆತವನ್ನು ಅಂಥ ಸೀಟಿನ ಬೆನ್ನಿನ ಮೇಲೆ ಹೊರಿಸಿದ್ದೀರಿ. ಸೀಟಿಗೆ ಲಾಕ್ ಹಾಕುವ ಮಾತೇ ನೀವು ಎತ್ತಲಿಲ್ಲ.

ಇನ್ನು ಪಟ್ಟಿ ಸುತ್ತಿಕೊಳ್ಳುವ ರೀಲ್. ಅದರೊಳಗೆ ಒಂದು ಸಣ್ಣ ಗುಂಡು ಅಥವಾ ತೂಗುವ ತುಂಡು ಇರುತ್ತದೆ, ಕಾರು ಗಕ್ಕನೆ ನಿಂತರೆ ಅಥವಾ ವಾಲಿದರೆ ಅದು ಸರಿದು ಹಲ್ಲು ಕಚ್ಚಿಸುತ್ತದೆ. ಅದಕ್ಕೇ ರೀಲನ್ನು ಹೇಳಿದ ಕೋನದಲ್ಲೇ ಕೂರಿಸಬೇಕು. ಯುರೋಪಿನ ನಿಯಮದ ಪ್ರಕಾರ ಆ ಕೋನದಿಂದ 12 ಡಿಗ್ರಿವರೆಗೆ ವಾಲಿದರೆ ರೀಲ್ ಲಾಕ್ ಆಗಬಾರದು. ಇವು ಯಾವುದೋ ಹ್ಯಾಚ್‌ಬ್ಯಾಕ್‌ನ ನೆಟ್ಟಗಿನ ಕಂಬಕ್ಕೆ ಮಾಡಿದ ರೀಲುಗಳು. ನೀವು ಚಕ್ರದ ಕಮಾನಿನ ಓರೆಗೆ ತಕ್ಕಂತೆ ಓರೆಯಾಗಿ ಕೂರಿಸಿದ್ದೀರಿ. ಮನೆ ಮುಂದೆ ಸಮ ನೆಲದಲ್ಲಿ ನಿಂತಾಗಲೇ ನನ್ನದು ಅರ್ಧ ಲಾಕ್ ಆಗಿರುತ್ತದೆ, ಇಳಿಜಾರು ಬಂದರೆ ಪೂರ್ತಿ. ಅಮ್ಮನ ಕಡೆಯದರಲ್ಲಿ ಬೆಲ್ಟ್ ಜೋರಾಗಿ ಎಳೆದರೆ ಕಚ್ಚುವ ಭಾಗವೂ ಕೆಲಸ ಮಾಡುತ್ತಿಲ್ಲ. ಕಾರು ವಾಪಸ್ ಕೊಡುವ ಮೊದಲು ಯಾರಾದರೂ ಒಬ್ಬರು ಕೂತು ಆ ಪಟ್ಟಿಯನ್ನು ಜಗ್ಗಿ ನೋಡಿದ್ದರೆ ಇದು ಗೊತ್ತಾಗುತ್ತಿತ್ತು.

ರೀಲ್ ಹಿಡಿಸಲಿ ಅಂತ ಎರಡೂ ಕಡೆ ಒಳ ತಗಡನ್ನು ಗ್ರೈಂಡರ್‌ನಿಂದ ಕೊಯ್ದಿದ್ದೀರಿ. ಇದನ್ನು ನೋಡಿದಾಗ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಬಾಡಿ ಕೊಯ್ಯಬಾರದು ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿದ್ದೆ, ಅದರ ಫೋಟೊವೂ ನನ್ನ ಹತ್ತಿರ ಇದೆ. ಕೊಯ್ದ ಅಂಚಿಗೆ ಪ್ರೈಮರ್ ಕೂಡ ಬಳಿದಿಲ್ಲ. ಪುಣೆಯ ಮಳೆಗೆ ಒಂದೇ ಸಲಕ್ಕೆ ತುಕ್ಕು ಹಿಡಿದಿದೆ. ಈ ಕಾರನ್ನು ಮುಂದೆ ವಿಂಟೇಜ್ ಎಂದು ವಿಎ ನಂಬರಿಗೆ ನೋಂದಾಯಿಸಬೇಕು ಅಂತಿದ್ದೆ. 2021ರ ಕೇಂದ್ರ ನಿಯಮದಲ್ಲಿ 50 ವರ್ಷ ದಾಟಿದ ಕಾರು ಮೂಲ ರೂಪದಲ್ಲಿರಬೇಕು, ಛಾಸಿ, ಬಾಡಿ ಶೆಲ್, ಎಂಜಿನ್ ಬದಲಿಸಿರಬಾರದು ಅಂತಿದೆ. ನಾಳೆ ಆ ತೂತುಗಳನ್ನು ಯಾರಾದರೂ ಬೆರಳಿಟ್ಟು ತೋರಿಸಿದರೆ ನಾನು ಏನು ಹೇಳಲಿ?

ಹೆರಾಲ್ಡ್‌ನಲ್ಲಿ ಛಾಸಿ ಬೇರೆ, ಬಾಡಿ ಬೇರೆ. ಬಾಡಿ ಭಾಗಗಳೆಲ್ಲ ಬೋಲ್ಟ್‌ನಲ್ಲಿ ಕೂತಿವೆ. ಛಾಸಿಗೆ ಬೋಲ್ಟ್ ಆಗುವ, ಸೀಟಿನ ಹಿಂದೆ ಭುಜದ ಮಟ್ಟಕ್ಕೆ ಬರುವ ಒಂದು ಅಡ್ಡ ಪೈಪ್ ಮಾಡಿಸಿದ್ದರೆ ಬಾಡಿ ಕೊಯ್ಯುವ ಪ್ರಸಂಗವೇ ಬರುತ್ತಿರಲಿಲ್ಲ, ಬೇಡವಾದಾಗ ಬಿಚ್ಚಿಡಲೂ ಬರುತ್ತಿತ್ತು. ನಿಮ್ಮ ಸುತ್ತಮುತ್ತ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಅಂಥ ಫ್ಯಾಬ್ರಿಕೇಶನ್ ಮಾಡುವವರಿಗೆ ಏನು ಬರವಾ?

ನನಗೆ ಬೇಕಾಗಿರುವುದು ಇಷ್ಟು. ಒಂದೋ, ಕೆಲಸವನ್ನು ಮೊದಲಿನಿಂದ ಸರಿಯಾಗಿ ಮಾಡಿಕೊಡಿ. ಡ್ರಾಯಿಂಗ್ ಮೊದಲು ನನಗೆ ತೋರಿಸಬೇಕು, ಬೆಲ್ಟ್ ಲೇಬಲ್ ಸಹಿತ ಹೊಸದಾಗಿರಬೇಕು, ಸೊಂಟದ ಬಿಂದುಗಳಿಗೂ ಕೆಳಗಿಂದ ಪ್ಲೇಟ್ ಹಾಕಬೇಕು, ಸೀಟಿಗೆ ಲಾಕ್ ಬೇಕು. ಇಲ್ಲಾ, ನಿಮ್ಮಿಂದ ಆಗಲ್ಲ ಅಂದರೆ ಪೂರ್ತಿ 32,000 ವಾಪಸ್ ಕೊಟ್ಟುಬಿಡಿ, ನಾನು ಬೇರೆ ಕಡೆ ನೋಡಿಕೊಳ್ಳುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ಕೊಯ್ದ ತಗಡಿನ ರಿಪೇರಿ ಮತ್ತು ಪೇಂಟ್ ಖರ್ಚು ಮಾತ್ರ ನಿಮ್ಮದೇ. ಆ ವಿಷಯದಲ್ಲಿ ಚೌಕಾಸಿ ಇಲ್ಲ. "ಇನ್ನೊಂದು ವಾಷರ್ ಹಾಕಿ ಟೈಟ್ ಮಾಡ್ತೀವಿ" ಅಂತ ಮಾತ್ರ ಬರಬೇಡಿ.

15 ದಿನದಲ್ಲಿ ಉತ್ತರ ಬರದಿದ್ದರೆ ಪುಣೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವೂ ಇಲ್ಲ, ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು. ಬಿಲ್, ಜಾಬ್ ಕಾರ್ಡ್, ಫೋಟೊ, ಬಿಚ್ಚಿಟ್ಟ ಆ 8 ಎಂಎಂ ಬೋಲ್ಟ್, ಎಲ್ಲ ಒಂದು ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಹೋಗಬೇಕು ಅಂತ ನನಗೇನೂ ಆಸೆ ಇಲ್ಲ. ನಿಮ್ಮಲ್ಲಿ ಹೆರಾಲ್ಡ್‌ನ ಬ್ರೇಕ್ ಕೆಲಸ ಚೆನ್ನಾಗಿ ಆಗಿತ್ತು, ಅದನ್ನು ನಾಲ್ಕು ಜನರಿಗೆ ಹೇಳಿದ್ದೂ ನಾನೇ.

ಕಾರು ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲೇ ನಿಂತಿದೆ, ಓಡಿಸುತ್ತಿಲ್ಲ. ಸೀಟು, ರೆಕ್ಸಿನ್ ಬಿಚ್ಚಿದ್ದು ಹಾಗೇ ಇದೆ, ನೀವು ಬಂದು ನಿಮ್ಮ ಕಣ್ಣಾರೆ ನೋಡಲಿ ಅಂತ. ಗುರುವಾರ ನಿಮ್ಮ ಕಡೆ ರಜೆ ಅಲ್ವಾ, ಅಂದೇ ಬನ್ನಿ. ಹುಡುಗನನ್ನು ಕಳಿಸಬೇಡಿ, ನೀವೇ ಬನ್ನಿ. ಬರುವ ಮೊದಲು ನನಗೆ ಫೋನ್ ಮಾಡಿ, ಯಜಮಾನರಿಗಲ್ಲ.

ಇತಿ,
ಹೆರಾಲ್ಡ್ ಕಾರಿನ ಮಾಲೀಕಳು,
ಕೋಥ್ರೂಡ್, ಪುಣೆ