ಅಳಿವೆಯ ಆಳ ಸಣ್ಣ ದೋಣಿಯವರಿಗೂ ಗೊತ್ತಾಗಲಿ: ಬಂದರು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರೇ,

ನಮಸ್ಕಾರ. ರಜೆ ಸಿಕ್ಕರೆ ಕಯಾಕನ್ನೋ ಹಾಯಿದೋಣಿಯನ್ನೋ ನೀರಿಗಿಳಿಸುವವರು ನಮ್ಮ ಕರಾವಳಿಯಲ್ಲೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ನಮ್ಮ ಕೈಗೆಟಕುವ ಬೆಲೆಗೆ ಒಂದು ಒಳ್ಳೆ ಸಮುದ್ರ ನಕ್ಷೆ ಬೇಕು. ಅದನ್ನು ಕೇಳೋದಕ್ಕೇ ಈ ಪತ್ರ.

ದೇಶದ ಸಮುದ್ರ ನಕ್ಷೆಗಳನ್ನು ಮಾಡುವುದು ಡೆಹ್ರಾಡೂನಿನಲ್ಲಿರುವ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸ್. ನೌಕಾಪಡೆಯ ಸರ್ವೆ ಹಡಗುಗಳು ಅಳೆದು ತಂದ ಆಳ, ನೀರಿನಡಿಯ ಬಂಡೆ, ದೀಪಸ್ತಂಭ ಎಲ್ಲ ಆ ನಕ್ಷೆಗಳಲ್ಲಿರುತ್ತವೆ. ಕೆಲಸದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಎಲೆಕ್ಟ್ರಾನಿಕ್ ನಕ್ಷೆಗೆ ಲೈಸೆನ್ಸ್ ಕೊಳ್ಳಬೇಕು, ಅವಧಿ ಮುಗಿದರೆ ಮತ್ತೆ ದುಡ್ಡು ಕಟ್ಟಬೇಕು. ಸರಕು ಹಡಗಿನವರಿಗೆ ಅದು ದೊಡ್ಡ ಖರ್ಚಲ್ಲ. ಸಣ್ಣ ದೋಣಿಯವನಿಗೆ ಖಂಡಿತ ಹೊರೆ. ನಾವಿಕರಿಗೆಂದು ಹದಿನೈದು ದಿನಕ್ಕೊಮ್ಮೆ ಹೊರಡಿಸುವ ತಿದ್ದುಪಡಿಗಳು ಮಾತ್ರ ಪುಕ್ಕಟೆ ಸಿಗುತ್ತವೆ. ತಿದ್ದಿಕೊಳ್ಳಲು ನಕ್ಷೆಯೇ ಇಲ್ಲದವರು ಅವನ್ನು ಇಟ್ಟುಕೊಂಡು ಏನು ಮಾಡಬೇಕು?

ಅಮೆರಿಕದ ಸರ್ಕಾರಿ ಸಮುದ್ರ-ಹವಾಮಾನ ಸಂಸ್ಥೆ ನೋವಾ ತನ್ನ ಎಲ್ಲ ಎಲೆಕ್ಟ್ರಾನಿಕ್ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಬೇಕಾದ ಜಾಗ ಆರಿಸಿ, ಪಿಡಿಎಫ್ ಮಾಡಿ, ಮನೆಯಲ್ಲೇ ಪ್ರಿಂಟ್ ತೆಗೆದುಕೊಳ್ಳಬಹುದು. ನ್ಯೂಜಿಲೆಂಡಿನಲ್ಲೂ ಸರ್ಕಾರಿ ನಕ್ಷೆ ಉಚಿತ. ಓಪನ್‌ಸಿಪಿಎನ್ ಎಂಬ ಪುಕ್ಕಟೆ ಸಾಫ್ಟ್‌ವೇರಿಗೆ ಅಂಥ ನಕ್ಷೆ ಹಾಕಿ, ಜಿಪಿಎಸ್ ಜೋಡಿಸಿಕೊಂಡರೆ ಹಳೇ ಲ್ಯಾಪ್‌ಟಾಪೂ ದಾರಿ ತೋರಿಸುತ್ತದೆ.

ಇದು ಕೇಂದ್ರದ ವಿಷಯ ಅಂತ ನೀವು ಹೇಳಬಹುದು. ನಿಜ, ಆದರೆ ನಮಗೆ ತೀರಾ ಅಪಾಯ ಇರುವುದು ಹೊಳೆ ಕಡಲು ಸೇರುವ ಅಳಿವೆಗಳಲ್ಲಿ. ಅಲ್ಲಿ ರಾಜ್ಯವೇ ತುಂಬ ಮಾಡಬಹುದು. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಜಾಗವನ್ನೇ ನೋಡಿ. ಮಳೆಗಾಲದ ನೆರೆ, ತೆರೆ ಎರಡೂ ಸೇರಿ ಮರಳಿನ ದಿಬ್ಬವನ್ನು ಸರಿಸಿಬಿಡುತ್ತವೆ. ಹೋದ ವರ್ಷ ದೋಣಿ ಸಲೀಸಾಗಿ ದಾಟಿದ ಕಡೆ ಈ ವರ್ಷ ತಳ ತಾಗುತ್ತದೆ. ಇಳಿತದ ಹೊತ್ತಲ್ಲಿ, ಹೊಳೆಯ ಸೆಳೆತಕ್ಕೆ ಎದುರಾಗಿ ಗಾಳಿ ಬೀಸಿದರೆ, ದಿಬ್ಬದ ಮೇಲೆ ತೆರೆ ಒಮ್ಮೆಲೇ ಎದ್ದು ಮುರಿಯುತ್ತದೆ. ಆಗ ದೋಣಿ ತಿರುಗಿಸಲು ಪುರುಸೊತ್ತು ಸಿಗುವುದಿಲ್ಲ. ಗಂಗೊಳ್ಳಿಯಲ್ಲೂ ಹೂಳಿನ ಕಾಟ ಇದ್ದದ್ದೇ. ಮೀನುಗಾರರಿಗೆ ಇದೆಲ್ಲ ಅಂದಾಜಿದೆ. ಹೊಸಬರು ಅವರನ್ನು ಕೇಳಿಯೇ ಹೊರಡಬೇಕು, ಆದರೆ ಕೇಳಲು ಸದಾ ಯಾರಾದರೂ ದಡದಲ್ಲಿ ಸಿಗಬೇಕಲ್ವಾ?

ಹೂಳೆತ್ತುವ ಮುಂಚೆ ಒಮ್ಮೆ, ಎತ್ತಿದ ಮೇಲೊಮ್ಮೆ ಆಳ ಅಳೆಯುವುದು ವಾಡಿಕೆ. ಗುತ್ತಿಗೆದಾರರ ಬಿಲ್ಲಿಗೆ ಬೇಕಾದ ಆ ಲೆಕ್ಕ ಜನರಿಗೂ ಸಿಗಲಿ. ಕಾರವಾರದಿಂದ ಮಂಗಳೂರಿನವರೆಗೆ ಒಂದೊಂದು ಅಳಿವೆಗೂ ಒಂದೊಂದು ಹಾಳೆ ಸಾಕು. ಕನ್ನಡದಲ್ಲಿರಲಿ. ಅಳೆದ ತಾರೀಖು ಎದ್ದು ಕಾಣಲಿ, ಇಳಿತದ ಹೊತ್ತಿನ ಆಳ ಮೀಟರಿನಲ್ಲಿ ಇರಲಿ, ಬಂಡೆಗಳಿಗೆ ಮೀನುಗಾರರು ಕರೆಯುವ ಹೆಸರನ್ನೇ ಹಾಕಿಸಿ. ರಾಜ್ಯದ ಬಂದರುಗಳನ್ನು ನೋಡಿಕೊಳ್ಳುವ ಕರ್ನಾಟಕ ಮಾರಿಟೈಮ್ ಬೋರ್ಡ್ ಪ್ರತಿ ವರ್ಷ ಮಳೆ ಮುಗಿಯುತ್ತಿದ್ದಂತೆ ಹೊಸ ಹಾಳೆ ಹೊರಡಿಸಿ, ಜೆಟ್ಟಿಯಲ್ಲೂ ಅಂಟಿಸಲಿ.

ಜೊತೆಗೆ, ನಮ್ಮ ಕರಾವಳಿಯ ಎಲೆಕ್ಟ್ರಾನಿಕ್ ನಕ್ಷೆಗಳನ್ನು ಸಣ್ಣ ದೋಣಿಯವರಿಗೆ ಉಚಿತವಾಗಿ ಕೊಡುವಂತೆ ರಕ್ಷಣಾ ಸಚಿವರಿಗೆ ರಾಜ್ಯದ ಪರವಾಗಿ ಪತ್ರ ಬರೆಯಿರಿ. ಸರ್ವೆಗೆ ಖರ್ಚಾದದ್ದು ಜನರ ದುಡ್ಡೇ. ಈ ಮಳೆಗಾಲ ಮುಗಿಯುತ್ತಿದ್ದಂತೆ ಹೊನ್ನಾವರದ ಒಂದು ಹಾಳೆಯನ್ನಾದರೂ ಹೊರತನ್ನಿ.

ಇಂತಿ,
ಉತ್ತರ ಕನ್ನಡದ ಒಬ್ಬ ಹವ್ಯಾಸಿ ದೋಣಿಗಾರ