ಲಾಸ್ ರಿಯೋಸ್ ಎಂದರೆ ಯಾವ ಊರಿನದು?

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಅರ್ಧಕ್ಕೆ ನಿಂತ ಬಿ.ಎಸ್ಸಿ.ಯನ್ನು ನೀನಿರುವ ಕ್ಯಾಲಿಫೋರ್ನಿಯಾದ ಫೋಲ್ಸಮ್‌ನಲ್ಲೇ ಮುಂದುವರಿಸಬೇಕೆಂದು ಬರೆದಿದ್ದೀಯ. ಬಹಳ ಒಳ್ಳೆಯದು. ಆದರೆ ಅಲ್ಲಿನ ಕಾಲೇಜಿಗಾಗಿ ಜಾಲದಲ್ಲಿ 'ಲಾಸ್ ರಿಯೋಸ್' ಎಂದು ಹುಡುಕಿ ಸಿಕ್ಕಿದ್ದನ್ನೆಲ್ಲ ನಂಬಬೇಡ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ 'ನದಿಗಳು' ಎಂದರ್ಥ. ಸ್ಪೇನಿನವರು ಆಳಿದ ನಾಡುಗಳಲ್ಲಿ ಆ ಹೆಸರು ಹಲವು ಕಡೆ ಇದೆ. ಚಿಲಿಯಲ್ಲಿ 2007ರಲ್ಲಿ ರಚನೆಯಾದ ಒಂದು ಪ್ರಾಂತ್ಯ, ರಾಜಧಾನಿ ವಾಲ್ಡಿವಿಯಾ. 1960ರಲ್ಲಿ 9.5 ತೀವ್ರತೆಯ ಭೂಕಂಪಕ್ಕೆ ಸಿಕ್ಕಿದ ಊರು ಅದೇ. ಈಕ್ವೆಡಾರ್‌ನಲ್ಲಿ ಬತ್ತ, ಬಾಳೆ, ಕೋಕೋ ಬೆಳೆಯುವ ಇನ್ನೊಂದು ಲಾಸ್ ರಿಯೋಸ್. ಅದರ ರಾಜಧಾನಿ ಬಾಬಾಹೊಯೊ. ಅರ್ಜೆಂಟೀನಾದ ಎಂಟ್ರೆ ರಿಯೋಸ್ ಪರಾನಾ ಮತ್ತು ಉರುಗ್ವೆ ನದಿಗಳ ನಡುವಿನ ಸೀಮೆ, ಅಲ್ಲೊಂದು ರಾಷ್ಟ್ರೀಯ ವಿಶ್ವವಿದ್ಯಾಲಯವೂ ಇದೆ. ಕೋಸ್ಟರಿಕಾದ ತ್ರೆಸ್ ರಿಯೋಸ್ ಕಾಫಿಗೆ ಹೆಸರಾದದ್ದು. (ನಮ್ಮ ಚಿಕ್ಕಮಗಳೂರಿನವರು ಒಪ್ಪಲಿಕ್ಕಿಲ್ಲ, ಬಿಡು.) ಹೆಚ್ಚು ದಾರಿ ತಪ್ಪಿಸುವುದು ಕ್ಯಾಲಿಫೋರ್ನಿಯಾದೊಳಗೇ ಇರುವ ಲಾಸ್ ರಿಯೋಸ್ ಬೀದಿ. ಅದು ದಕ್ಷಿಣದ ತುದಿಯ ಸಾನ್ ವಾನ್ ಕಪಿಸ್ಟ್ರಾನೋದಲ್ಲಿ, 1794ರ ಮಣ್ಣಿಟ್ಟಿಗೆಯ ಮನೆಗಳಿರುವ ಹಳೆಯ ಕೇರಿ. ಆ ಹೆಸರು ಬಂದದ್ದು ರಿಯೋಸ್ ಎಂಬ ಮನೆತನದಿಂದ, ನದಿಯಿಂದಲ್ಲ.

ನಿನಗೆ ಬೇಕಾದದ್ದು ಸ್ಯಾಕ್ರಮೆಂಟೊದ ಲಾಸ್ ರಿಯೋಸ್ ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್, 1965ರಲ್ಲಿ ಆದದ್ದು. ಕಮ್ಯುನಿಟಿ ಕಾಲೇಜ್ ಎಂದರೆ ಮೊದಲೆರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದಾದ ಕಾಲೇಜು, ಡಿಸ್ಟ್ರಿಕ್ಟ್ ಎಂದರೆ ಅಂಥವುಗಳ ಆಡಳಿತ ಮಂಡಲಿ. ಅದರಡಿ ನಾಲ್ಕು ಕಾಲೇಜುಗಳು: ಸ್ಯಾಕ್ರಮೆಂಟೊ ಸಿಟಿ, ಅಮೆರಿಕನ್ ರಿವರ್, ಕೊಸುಮ್ನೆಸ್ ರಿವರ್, ಮತ್ತು ನಿನ್ನ ಮನೆಯ ಹತ್ತಿರದ ಫೋಲ್ಸಮ್ ಲೇಕ್. ಜಾಲತಾಣದ ವಿಳಾಸ 'ಡಾಟ್ ಇಡಿಯು' ಎಂದು ಮುಗಿಯಬೇಕು. 'ಸಿಎಲ್' ಇದ್ದರೆ ಚಿಲಿ, 'ಇಸಿ' ಇದ್ದರೆ ಈಕ್ವೆಡಾರ್. ಕ್ಯಾಲಿಫೋರ್ನಿಯಾದ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಿಗೆಲ್ಲ ಒಂದೇ ಅರ್ಜಿ ತಾಣ, ಸಿಸಿಸಿ ಅಪ್ಲೈ. ನಿನ್ನಂಥವರಿಗೆ ಅಲ್ಲಿ ಅರ್ಜಿ ಶುಲ್ಕ ಇಲ್ಲ. ಯಾರಾದರೂ ಶುಲ್ಕ ಕೇಳಿದರೆ ಅಲ್ಲೇ ನಿಲ್ಲಿಸು.

ಈಗ ದುಡ್ಡಿನ ಮಾತು. ನೀನು ಇರುವುದು ಎಚ್-4 ವೀಸಾದಲ್ಲಿ, ಎಂದರೆ ಅಲ್ಲಿ ಕೆಲಸಕ್ಕಿರುವವರ ಹೆಂಡತಿ, ಗಂಡ, ಮಕ್ಕಳಿಗೆ ಕೊಡುವ ವೀಸಾ. ಓದಲು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಿಕೊಳ್ಳಲೇಬೇಕೆಂದು ಯಾರಾದರೂ ಹೇಳಿದರೆ ಕೇಳಬೇಡ. ಎಚ್-4ರಲ್ಲೇ ಓದಬಹುದು, ಒಂದೇ ಒಂದು ವಿಷಯ ತೆಗೆದುಕೊಂಡರೂ ನಡೆಯುತ್ತದೆ. ಎಫ್-1ರವರಿಗಾದರೆ ಸೆಮಿಸ್ಟರಿಗೆ ಸಾಮಾನ್ಯವಾಗಿ 12 ಯೂನಿಟ್ (ಪಾಠದ ತೂಕದ ಅಳತೆ) ಕಡ್ಡಾಯ. ಇನ್ನೊಂದು ದೊಡ್ಡ ವ್ಯತ್ಯಾಸ ಶುಲ್ಕದಲ್ಲಿದೆ. ರಾಜ್ಯದ ನಿವಾಸಿಗೆ ಯೂನಿಟ್ಟಿಗೆ 46 ಡಾಲರ್, ಎಂದರೆ 3 ಯೂನಿಟ್ಟಿನ ವಿಷಯಕ್ಕೆ 138. ಹೊರಗಿನವರಿಗೆ ಅದರ ಮೇಲೆ ಹಲವು ಪಟ್ಟು ಹೆಚ್ಚುವರಿ ಬೀಳುತ್ತದೆ. ಎಚ್-4ರವರು ನಿವಾಸಿ ಎನಿಸಿಕೊಳ್ಳಬಹುದು, ಎಫ್-1ರವರಿಗೆ ಸಾಮಾನ್ಯವಾಗಿ ಆಗುವುದಿಲ್ಲ. ತರಗತಿ ಶುರುವಾಗುವ ಹೊತ್ತಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದು ವರ್ಷ, ಒಂದು ದಿನ ಆಗಿರಬೇಕು. ವಾಸ ಮಾತ್ರ ಸಾಲದು, ಅಲ್ಲೇ ನೆಲೆಸುವ ಉದ್ದೇಶಕ್ಕೆ ಪುರಾವೆ ಬೇಕು: ಚಾಲನಾ ಪರವಾನಗಿ, ರಾಜ್ಯದ ತೆರಿಗೆ ವಿವರ, ನಿನ್ನ ಹೆಸರೂ ಇರುವ ಮನೆ ಬಾಡಿಗೆ ಕರಾರು, ಬ್ಯಾಂಕ್ ಕಾಗದ. ಅನೇಕ ಹೆಣ್ಣುಮಕ್ಕಳು ಎಡವುವುದು ಇಲ್ಲೇ. ಕಾಗದಗಳೆಲ್ಲ ಗಂಡನ ಹೆಸರಲ್ಲಿರುತ್ತವೆ, ಇವರು ಅಲ್ಲಿದ್ದರು ಎನ್ನಲು ಏನೂ ಇರುವುದಿಲ್ಲ. ಈ ವಾರವೇ ನಿನ್ನ ಹೆಸರು ಸೇರಿಸಿಕೊ. ಎಲ್ಲಿಯವರೆಗೆ ಅಲ್ಲಿರಬಹುದೆಂದು ಹೇಳುವ ಪ್ರವೇಶ ದಾಖಲೆ ಐ-94ರ ಕೊನೆಯ ದಿನಾಂಕವನ್ನೂ ನೋಡಿಟ್ಟುಕೊ. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಎಚ್-4ಕ್ಕಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ವಿಷಯಗಳನ್ನು ಆರಿಸುವಾಗ ಅವಸರ ಬೇಡ. ಗುರಿ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಡೇವಿಸ್ ಅಥವಾ ಸ್ಯಾಕ್ ಸ್ಟೇಟ್ (ಸ್ಯಾಕ್ರಮೆಂಟೊದ ರಾಜ್ಯ ವಿಶ್ವವಿದ್ಯಾಲಯ) ಆಗಿದ್ದರೆ ವರ್ಗಾವಣೆಗೆ ಬೇಕಾದ 60 ಯೂನಿಟ್ಟನ್ನು ಮನಸ್ಸಿಗೆ ಬಂದಂತೆ ತುಂಬಿಸಲಾಗದು. ಅಸಿಸ್ಟ್ ಎಂಬ ಸರ್ಕಾರಿ ತಾಣದಲ್ಲಿ ನಿನ್ನ ಕಾಲೇಜು, ಹೋಗಬೇಕಾದ ವಿಶ್ವವಿದ್ಯಾಲಯ, ಮುಖ್ಯ ವಿಷಯ ಹಾಕಿದರೆ ಯಾವ ಪಾಠ ಯಾವುದಕ್ಕೆ ಸಮ ಎಂದು ಕಾಣುತ್ತದೆ. ಕಾಲೇಜಿನ ಹೆಸರು ಸರಿಯಾಗಿ ಹಾಕು. ಅಮೆರಿಕನ್ ರಿವರ್‌ನ ಪಟ್ಟಿ ನೋಡಿ ಫೋಲ್ಸಮ್ ಲೇಕ್‌ನಲ್ಲಿ ಪಾಠ ಹಿಡಿಯಬೇಡ. ಡೇವಿಸ್‌ಗೆ ಪ್ರವೇಶ ಖಾತರಿಯ ಟ್ಯಾಗ್ ಅರ್ಜಿ ಸೆಪ್ಟೆಂಬರ್ 1ರಿಂದ 30ರವರೆಗೆ ಮಾತ್ರ, ಅದೂ ಒಂದೇ ಕ್ಯಾಂಪಸ್ಸಿಗೆ. ಯುಸಿಯ ಬರ್ಕ್ಲಿ, ಲಾಸ್ ಏಂಜಲಿಸ್, ಸಾನ್ ಡಿಯಾಗೊ ಕ್ಯಾಂಪಸ್‌ಗಳು ಆ ಸೌಲಭ್ಯ ಕೊಡುವುದಿಲ್ಲ.

ಬಿ.ಎಸ್ಸಿ.ಯಲ್ಲಿ ಅಂಕ ಕಡಿಮೆ ಎಂದು ಅದನ್ನು ಅರ್ಜಿಯಲ್ಲಿ ಮುಚ್ಚಿಡಬೇಡ. ಹಿಂದೆ ಓದಿದ ಪ್ರತಿ ಕಾಲೇಜನ್ನೂ ಬರೆಯಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು. ಮೊದಲೆರಡು ವರ್ಷದ ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ತೆಗೆಸುವ ಕೆಲಸ ನನಗೆ ಬಿಡು. ಅಧಿಕಾರಪತ್ರಕ್ಕೆ ಸಹಿ ಮಾಡಿ ಕಳಿಸು, ನೋಂದಣಿ ಸಂಖ್ಯೆಯನ್ನೂ ಬರೆ.

ಇಂತಿ,
ನಿನ್ನ ದೊಡ್ಡಪ್ಪ