ಮರೆವಿಗೆ ಬಾದಾಮಿಯೇ ಮದ್ದಲ್ಲ

ಮಾನ್ಯರೇ,

ಇಪ್ಪತ್ತೈದರ ಹುಡುಗರು ಗಾಡಿ ಕೀಲಿ ಎಲ್ಲಿಟ್ಟೆ ಎಂದು ತಡಕಾಡಿದರೆ ಮನೆಮಂದಿ ಬಾದಾಮಿ, ಟಾನಿಕ್ ತರಲು ಓಡುತ್ತಾರೆ. ಆ ವಯಸ್ಸಿನಲ್ಲಿ ಬಹಳ ಸಲ ಕೈಕೊಡುವುದು ನೆನಪಲ್ಲ, ಗಮನ. ಮೊಬೈಲ್ ನೋಡುತ್ತಾ ಇಟ್ಟ ಕೀಲಿ ಮಿದುಳಿನಲ್ಲಿ ದಾಖಲಾಗುವುದೇ ಇಲ್ಲ. ಶಕ್ತಿನಗರ, ಹಟ್ಟಿ, ತೋರಣಗಲ್ಲಿನ ರಾತ್ರಿಪಾಳಿಯವರು ಮೊದಲು ನಿದ್ದೆ ನೋಡಿಕೊಳ್ಳಲಿ. ಕೋಣೆ ಕತ್ತಲು ಮಾಡಿ ಹಗಲು 7 ತಾಸು ಮಲಗಿದರೂ ಸರಿಹೋಗದಿದ್ದರೆ ರಕ್ತ ಪರೀಕ್ಷೆ ಬೇಕು.

ಮೊದಲಿಗೆ ಹಿಮೋಗ್ಲೋಬಿನ್, ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್, ವಿಟಮಿನ್ ಬಿ12 ಸಾಕು. ಬಿ12 ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. 200ರಿಂದ 300 ಅನುಮಾನದ ಗಡಿ. ಜೋಳದ ರೊಟ್ಟಿ, ಪುಂಡಿಪಲ್ಯ ಎಷ್ಟು ಉಂಡರೂ ಬಿ12 ಸಿಗದು. ಹಾಲು, ಮೊಸರು, ಮೊಟ್ಟೆ, ಮೀನು ಬೇಕು. ಮಿರ್ಚಿ ತಿಂದು ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ನುಂಗುವವರಲ್ಲಿ (ಇಂಥವರು ನಮ್ಮಲ್ಲಿ ಕಡಿಮೆಯೇನಿಲ್ಲ) ಆಹಾರದಲ್ಲಿದ್ದ ಬಿ12 ಕೂಡ ಸರಿಯಾಗಿ ಮೈಗೆ ಹತ್ತುವುದಿಲ್ಲ.

ದೊಡ್ಡ ತಪ್ಪೆಂದರೆ ಮೊದಲು ಬಿ12 ಇಂಜೆಕ್ಷನ್, ಆಮೇಲೆ ಪರೀಕ್ಷೆ. ಆಗ ಅಂಕಿ ಏರಿರುತ್ತದೆ, ಕೊರತೆ ಇತ್ತೋ ಇಲ್ಲವೋ ತಿಳಿಯದು. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಲಿ, ಇಲ್ಲದಿದ್ದರೆ ಥೈರಾಯ್ಡ್ ವರದಿ ತಪ್ಪಾಗಬಹುದು. ಮರೆವಿನ ಜೊತೆ ಕೈಕಾಲು ಜೋಮು ಹಿಡಿಯುತ್ತಿದ್ದರೆ ಇದಾವುದಕ್ಕೂ ಕಾಯದೆ ವೈದ್ಯರನ್ನು ಕಾಣಬೇಕು.

– ಪ್ರಯೋಗಾಲಯ ತಂತ್ರಜ್ಞರು, ಸಿಂಧನೂರು